ಅಮಾನತಿನಲ್ಲಿರುವ ಕಥೆಗಳು

ಅಕ್ಕೋಳದ ನಮ್ಮ ಮನೆಯಲ್ಲಿ ದಾದಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಲೇ ಮಕ್ಕಳಿಗೆ ಅಮೀರ್ ಹಮ್ಜಾನ ಕಥೆ ಹೇಳುತ್ತಿದ್ದರು. ನಿಪ್ಪಾಣಿ ಸೀಮೆಯ ಅನೇಕ ಮುಸ್ಲಿಂ ಕುಟುಂಬಗಳಂತೆ ನಮ್ಮದೂ ಮನೆಯೊಳಗೆ ಉರ್ದು, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಎಂಬ ಕುಟುಂಬ. ಕಥೆ ಮಾತ್ರ ದಖನಿಯಲ್ಲಿಯೇ ನಡೆಯುತ್ತಿತ್ತು. ಒಂದು ರಾತ್ರಿ ಅಮರ್ ಅಯ್ಯಾರನು ಮಾಯಾವಿಗಳ ಕೋಟೆಯೊಳಗೆ ಸಿಕ್ಕಿಬಿದ್ದಿದ್ದ. ‘ಉಳಿದದ್ದು ನಾಳೆ’ ಎಂದು ದಾದಿ ಮೊರ ಎತ್ತಿಟ್ಟರು. ಮರುದಿನ ಅವರಿಗೆ ಜ್ವರ ಬಂತು. ಅವರು ಹೇಳಿದ ಆ ನಾಳೆ ಬರಲೇ ಇಲ್ಲ. ನಲವತ್ತನೆಯ ದಿನದ ಫಾತಿಹಾ ಮುಗಿದ ಮೇಲೆ ನಮ್ಮ ತಮ್ಮ ಹಟ ಹಿಡಿದ: ಅಮರ್ ಹೊರಗೆ ಬಂದನೋ ಇಲ್ಲವೋ? ಆಪಾ ಮುಂದಿನ ಕಥೆಯನ್ನು ತಾನೇ ಕಟ್ಟಿ ಹೇಳತೊಡಗಿದಳು. ಸ್ವಲ್ಪ ಹೊತ್ತು ಕೇಳಿದ ತಮ್ಮ ನಡುವೆಯೇ ತಡೆದು ಕೇಳಿದ: ‘ಇದು ದಾದಿಯ ಕಥೆಯೋ, ನಿನ್ನ ಕಥೆಯೋ?’

ಮಗುವಿನ ಈ ಪ್ರಶ್ನೆ ನಮಗೆ ಮತ್ತೆ ನೆನಪಾದದ್ದು ಅಮೆರಿಕದ ಒಂದು ಟಿವಿ ಧಾರಾವಾಹಿಯನ್ನು ಮುಂದುವರಿಸಿದ ಕಾದಂಬರಿಗಳಿಂದ. ‘ಫೈರ್‌ಫ್ಲೈ’ ಎಂಬುದು ಆ ಧಾರಾವಾಹಿಯ ಹೆಸರು. ಕೆಲವು ನೂರು ವರ್ಷಗಳ ಮುಂದೆ, ಭೂಮಿಯಿಂದ ಬಹುದೂರದ ಗ್ರಹಗಳ ನಡುವೆ, ಯುದ್ಧದಲ್ಲಿ ಸೋತ ಪಕ್ಷದ ಒಬ್ಬ ಸೈನಿಕ ಹಳೆಯ ಆಕಾಶನೌಕೆಯೊಂದನ್ನು ಇಟ್ಟುಕೊಂಡು ಹೊಟ್ಟೆ ಹೊರೆಯುವ ಕಥೆ ಅದು. 2002ರ ಸೆಪ್ಟೆಂಬರಿನಲ್ಲಿ ಫಾಕ್ಸ್ ವಾಹಿನಿ ಅದನ್ನು ಆರಂಭಿಸಿತು. ಕಂತುಗಳನ್ನು ಬರೆದ ಕ್ರಮದಲ್ಲಿ ತೋರಿಸಲಿಲ್ಲ. ಮೊದಲನೆಯದಾಗಬೇಕಿದ್ದ ಕಂತು ಬಂದದ್ದು ಡಿಸೆಂಬರಿನಲ್ಲಿ, ಎಲ್ಲಕ್ಕಿಂತ ಕೊನೆಗೆ. ತಯಾರಾದ 14 ಕಂತುಗಳಲ್ಲಿ 11 ಪ್ರಸಾರವಾಗುವಷ್ಟರಲ್ಲಿ ಧಾರಾವಾಹಿ ನಿಂತುಹೋಯಿತು. ನೋಡುಗರು ಮಾತ್ರ ಅದನ್ನು ಬಿಡಲಿಲ್ಲ. ಡಿವಿಡಿಗಳನ್ನು ಕೊಂಡರು, ಪತ್ರ ಬರೆದರು, ಒಬ್ಬರಿಂದ ಒಬ್ಬರಿಗೆ ಹಬ್ಬಿಸಿದರು. 2005ರಲ್ಲಿ ಅದೇ ಪಾತ್ರಗಳ ಒಂದು ಚಲನಚಿತ್ರ ಬಂತು. 2018ರಲ್ಲಿ ಟೈಟನ್ ಎಂಬ ಬ್ರಿಟಿಷ್ ಪ್ರಕಾಶನ ಅನುಮತಿ ಪಡೆದು ಕಾದಂಬರಿಗಳನ್ನು ಹೊರತರಲು ತೊಡಗಿತು. ಮೊದಲನೆಯದನ್ನು ಬರೆದವರು ಜೇಮ್ಸ್ ಲವ್‌ಗ್ರೋವ್. ಧಾರಾವಾಹಿಯನ್ನು ಸೃಷ್ಟಿಸಿದವರು ಅವರಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕಾನೂನಿನ ಪ್ರಕಾರ ಕಥೆಯ ಹಕ್ಕು ಯಾರ ಬಳಿ ಇತ್ತೋ ಆ ಕಂಪೆನಿಗಳಿಗೆ ಅದು ಬೇಡವಾಯಿತು. ಕಥೆ ಯಾರಿಗೆ ಬೇಕಾಗಿತ್ತೋ ಅವರಿಗೆ ಹಕ್ಕು ಇರಲಿಲ್ಲ. ಹಕ್ಕು ಒಂದು ಕಡೆ, ಪ್ರೀತಿ ಇನ್ನೊಂದು ಕಡೆ. ಹೀಗಾದಾಗ ಕಥೆ ಯಾರದು? ಅದನ್ನು ಮುಂದುವರಿಸುವವನು ಯಾರಿಗೆ ಉತ್ತರ ಹೇಳಬೇಕು?

ಈ ಪ್ರಶ್ನೆಗೆ ಬೇಕಾದ ಪದವೊಂದು ನಮ್ಮ ನಾಲಗೆಯ ಮೇಲೆಯೇ ಇದೆ. ಕನ್ನಡದ ಕಚೇರಿಯಲ್ಲಿ ನೌಕರನನ್ನು ‘ಅಮಾನತು’ ಮಾಡುತ್ತಾರೆ. ಎಂದರೆ ಅವನ ಕೆಲಸವನ್ನು ತಡೆಹಿಡಿಯುತ್ತಾರೆ. ಉರ್ದು ಮಾತನಾಡುವ ಮನೆಯಲ್ಲಿ ಒಡವೆಯನ್ನೋ ಹಣವನ್ನೋ ನಂಬಿಕಸ್ಥರ ಬಳಿ ‘ಅಮಾನತ್’ ಇಡುತ್ತಾರೆ. ಎರಡೂ ಒಂದೇ ಅರಬಿ ಪದ. ತಡೆದು ನಿಲ್ಲಿಸಿದ್ದು ಎಂಬುದು ಒಂದು ಅರ್ಥ, ನಂಬಿ ಒಪ್ಪಿಸಿದ್ದು ಎಂಬುದು ಮತ್ತೊಂದು. ನಿಂತುಹೋದ ಕಥೆಗೆ ಈ ಎರಡು ಅರ್ಥಗಳೂ ಒಟ್ಟಿಗೆ ಸಲ್ಲುತ್ತವೆ ಎಂದು ನಮಗೆ ಅನಿಸುತ್ತದೆ. ಅಮಾನತು ಆದ ಕಥೆ ಕೇಳುಗರ ಬಳಿ ಅಮಾನತ್ ಆಗಿ ಉಳಿಯುತ್ತದೆ. ಅಮಾನತನ್ನು ಕಾಪಾಡುವುದು, ಸಲ್ಲಬೇಕಾದವರಿಗೆ ಸಲ್ಲಿಸುವುದು ನಮ್ಮ ದೀನ್ ಕಲಿಸುವ ಮೊದಲ ಪಾಠಗಳಲ್ಲಿ ಒಂದು. ಅಮಾನತ್ ಇಟ್ಟುಕೊಂಡವನು ಮಾಲೀಕನಲ್ಲ. ಹಾಗೆಂದು ಅವನು ಅನ್ಯನೂ ಅಲ್ಲ. ಅವನ ಮೇಲೆ ಹೊಣೆಯಿದೆ.

ಮುಂದುವರಿಸಿದ ಕಥೆಗಳು ಟಿವಿ ಕಾಲದ ಹುಚ್ಚು ಎಂದು ಯಾರಾದರೂ ಮೂಗು ಮುರಿಯಬಹುದು. ಆದರೆ ಕನ್ನಡ ನಾಡಿನ ಪರಂಪರೆ ಬೇರೆಯದನ್ನೇ ಹೇಳುತ್ತದೆ. ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಊರುಗಳಲ್ಲಿ ಜೈನ ಬಸದಿಗಳು ಬಹಳ. ಅಲ್ಲಿ ಗೌರವದಿಂದ ಓದುವ ಸಂಸ್ಕೃತ ಮಹಾಪುರಾಣವನ್ನು ಬರೆಯಲಾರಂಭಿಸಿದವರು ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರು. ಅದು ಮುಗಿಯುವ ಮುನ್ನವೇ ಅವರು ತೀರಿಕೊಂಡರು. ಶಿಷ್ಯ ಗುಣಭದ್ರಾಚಾರ್ಯರು ಆದಿಪುರಾಣದ ಕೊನೆಯ ಭಾಗವನ್ನೂ ಉತ್ತರಪುರಾಣವನ್ನೂ ಬರೆದು ಪೂರ್ತಿಗೊಳಿಸಿದರು. ಅದಕ್ಕೂ ಮೊದಲು ಇದೇ ಜಿನಸೇನರು ತಮ್ಮ ಗುರು ವೀರಸೇನರು ಅರ್ಧಕ್ಕೆ ಬಿಟ್ಟುಹೋದ ‘ಜಯಧವಳಾ’ ಟೀಕೆಯನ್ನು 837ರಲ್ಲಿ ಮುಗಿಸಿದ್ದರು. ಗುರುವಿನ ಅಮಾನತನ್ನು ಸಲ್ಲಿಸಿದ ಶಿಷ್ಯ ತನ್ನ ಅಮಾನತನ್ನು ಮುಂದಿನ ಶಿಷ್ಯನಿಗೆ ಬಿಟ್ಟುಹೋದ. ಯಾರ ಕೈ ಎಲ್ಲಿ ನಿಂತಿತು, ಯಾರ ಕೈ ಎಲ್ಲಿಂದ ತೊಡಗಿತು ಎಂಬುದನ್ನು ಆ ಪರಂಪರೆ ಮರೆಮಾಚಲಿಲ್ಲ. ಸಾವಿರದ ನೂರು ವರ್ಷಗಳ ನಂತರವೂ ಎರಡು ಹೆಸರುಗಳು ನಮಗೆ ಬೇರೆಬೇರೆಯಾಗಿ ತಿಳಿದಿವೆ.

ಕುಮಾರವ್ಯಾಸನ ಸಂಗತಿ ಇನ್ನೂ ಸೂಕ್ಷ್ಮವಾದದ್ದು. ಗದುಗಿನ ಭಾರತದಲ್ಲಿ ಇರುವುದು ಹತ್ತು ಪರ್ವಗಳು. ಯುದ್ಧ ಮುಗಿದು ಧರ್ಮರಾಯನಿಗೆ ಪಟ್ಟವಾಗುವಲ್ಲಿಗೆ ಕಾವ್ಯ ನಿಲ್ಲುತ್ತದೆ. ಉಳಿದ ಪರ್ವಗಳನ್ನು ಹದಿನಾರನೆಯ ಶತಮಾನದಲ್ಲಿ ಕೃಷ್ಣದೇವರಾಯನ ಅಪ್ಪಣೆಯಂತೆ ತಿಮ್ಮಣ್ಣ ಕವಿ ಅದೇ ಭಾಮಿನಿ ಷಟ್ಪದಿಯಲ್ಲಿ ಬರೆದ. ಅದರ ಹೆಸರು ‘ಕೃಷ್ಣರಾಯ ಭಾರತ’. ಈಗ ಕೇಳಬೇಕಾದ ಪ್ರಶ್ನೆ: ಕುಮಾರವ್ಯಾಸನ ಕಾವ್ಯ ನಿಜಕ್ಕೂ ಅಪೂರ್ಣವಾಗಿತ್ತೇ? ಪಟ್ಟಾಭಿಷೇಕದಲ್ಲಿ ನಿಲ್ಲಿಸುವುದೇ ಅವನ ಇಚ್ಛೆಯಾಗಿದ್ದರೆ? ಯಾದವರ ನಾಶ, ಹಿಮಾಲಯದ ದಾರಿಯಲ್ಲಿ ಒಬ್ಬೊಬ್ಬರಾಗಿ ಬೀಳುವ ಪಾಂಡವರು, ಇದೆಲ್ಲ ತನಗೆ ಬೇಡ ಎಂದು ಅವನು ಅಂದುಕೊಂಡಿದ್ದರೆ? ಹಾಗಿದ್ದಲ್ಲಿ ಪೂರ್ಣಗೊಳಿಸುವುದು ಸೇವೆಯೋ, ಅತಿಕ್ರಮಣವೋ? ಇಷ್ಟು ಮಾತ್ರ ಖಚಿತ: ತಿಮ್ಮಣ್ಣ ಗದುಗಿನ ಭಾರತದ ಒಂದು ಪದ್ಯವನ್ನೂ ಕಿತ್ತುಹಾಕಲಿಲ್ಲ. ಪಟ್ಟಾಭಿಷೇಕದಲ್ಲಿ ಸಾಕು ಎನ್ನುವವನು ಇಂದಿಗೂ ಅಲ್ಲಿಯೇ ಪುಸ್ತಕ ಮುಚ್ಚಬಹುದು. ಕುಮಾರವ್ಯಾಸನಾದರೂ ಕಾವ್ಯ ತನ್ನದೆಂದು ಹೇಳಿಕೊಳ್ಳಲಿಲ್ಲ. ಅದು ಗದುಗಿನ ವೀರನಾರಾಯಣನದು, ತಾನು ಬರೆದುಕೊಂಡವನು ಮಾತ್ರ ಎಂದ. ಮೂಲ ಕವಿಯೇ ತನ್ನನ್ನು ಅಮಾನತುದಾರನೆಂದು ತಿಳಿದಿದ್ದ ಮೇಲೆ, ಹಿಂದೆ ಬಂದವನು ಮಾಲೀಕನಂತೆ ವರ್ತಿಸುವುದು ಹೇಗೆ?

ಉರ್ದುವಿನ ಕಡೆ ನೋಡಿದರೆ ಅಮಾನತಿನ ಇನ್ನೊಂದು ಮುಖ ಕಾಣುತ್ತದೆ. ದಾದಿ ಹೇಳುತ್ತಿದ್ದ ಹಮ್ಜಾನ ಕಥೆಯ ಅತಿ ಪ್ರಸಿದ್ಧ ಭಾಗ ‘ತಿಲಿಸ್ಮೆ ಹೋಶ್‌ರುಬಾ’. ಮಾಯೆಯಿಂದ ಕಟ್ಟಿದ ಒಂದು ಇಡೀ ಲೋಕ, ಅದಕ್ಕೊಬ್ಬ ಮಾಂತ್ರಿಕ ದೊರೆ. ಇಂದಿನ ಮಕ್ಕಳು ಅನ್ಯಗ್ರಹದ ಕಥೆಯನ್ನು ಕೇಳುವ ಬೆರಗಿನಿಂದಲೇ ಅಂದಿನವರು ಅದನ್ನು ಕೇಳುತ್ತಿದ್ದರು. ಲಖನೌದ ನವಲ್ ಕಿಶೋರ್ ಮುದ್ರಣಾಲಯಕ್ಕಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಹಮ್ಮದ್ ಹುಸೇನ್ ಜಾಹ್ ಅದರ ಮೊದಲ ನಾಲ್ಕು ಸಂಪುಟಗಳನ್ನು ಬರೆದರು. ಆಮೇಲೆ ಮುದ್ರಣಾಲಯದ ನಂಟು ಕಡಿದುಹೋಯಿತು. ಕಥೆ ನಡುನೀರಿನಲ್ಲಿ ನಿಂತಿತು. ಉಳಿದ ಸಂಪುಟಗಳನ್ನು ಬರೆದವರು ಅಹ್ಮದ್ ಹುಸೇನ್ ಕಮರ್. ಕಥೆ ನಿಲ್ಲಲಿಲ್ಲ ಎಂಬುದು ಓದುಗರ ಭಾಗ್ಯ. ಆದರೆ ಜಾಹ್‌ಗಿಂತ ತಾವೇ ಹಿರಿಯ ಕಥೆಗಾರರೆಂಬ ಹಮ್ಮನ್ನು ಕಮರ್ ಬರವಣಿಗೆಯಲ್ಲಿ ಬಚ್ಚಿಡಲಿಲ್ಲ. ಒಬ್ಬರು ಹಾಕಿದ ಅಡಿಪಾಯದ ಮೇಲೆ ನಿಂತು ಅವರನ್ನೇ ಹಳಿಯುವುದು ಅಮಾನತಿಗೆ ತಕ್ಕ ನಡೆಯಲ್ಲ.

ಇಪ್ಪತ್ತನೆಯ ಶತಮಾನದ ಉರ್ದು ಓದುಗರಿಗೆ ಇಬ್ನೆ ಸಫಿಯವರ ಪತ್ತೇದಾರಿ ಕಾದಂಬರಿಗಳನ್ನು ಪರಿಚಯಿಸಬೇಕಿಲ್ಲ. 1952ರಲ್ಲಿ ‘ಜಾಸೂಸಿ ದುನಿಯಾ’, 1955ರಲ್ಲಿ ಇಮ್ರಾನ್ ಮಾಲಿಕೆ ಆರಂಭವಾದವು. 1960ರಿಂದ 1963ರವರೆಗೆ ಅವರು ಮಾನಸಿಕ ಕಾಯಿಲೆಯಿಂದ ಬರೆಯಲಾರದೆ ಹೋದರು. ಆ ಮೂರು ವರ್ಷಗಳಲ್ಲಿ ಪೇಟೆಯಲ್ಲಿ ಅವರ ಹೆಸರನ್ನೇ ಹೋಲುವ ಹೆಸರುಗಳಿಂದ, ಅವರದೇ ಪಾತ್ರಗಳನ್ನು ಕದ್ದ ಪುಸ್ತಕಗಳು ಬಂದವು. ಹಾಸಿಗೆ ಹಿಡಿದ ಮನುಷ್ಯನ ಅಂಗಡಿಯ ಬೋರ್ಡನ್ನು ಪಕ್ಕದವನು ತನ್ನ ಬಾಗಿಲಿಗೆ ತಗುಲಿಸಿಕೊಂಡ ಹಾಗೆ. 1963ರಲ್ಲಿ ‘ಡೇಢ್ ಮತ್‌ವಾಲೆ’ಯೊಂದಿಗೆ ಇಬ್ನೆ ಸಫಿ ಮರಳಿದರು. ಮುಲ್ತಾನಿನ ಮಜ್‌ಹರ್ ಕಲೀಂ ಕೂಡ ಇಮ್ರಾನನನ್ನು ನಾಯಕನನ್ನಾಗಿಟ್ಟುಕೊಂಡು ನೂರಾರು ಕಾದಂಬರಿಗಳನ್ನು ಬರೆದರು. ಆದರೆ ಪುಸ್ತಕದ ಮೇಲೆ ಇದ್ದದ್ದು ಅವರದೇ ಹೆಸರು. ಓದುಗ ತಾನು ಏನನ್ನು ಕೊಳ್ಳುತ್ತಿದ್ದೇನೆಂದು ತಿಳಿದೇ ಕೊಂಡ. ಅವು ಮೂಲದಷ್ಟು ಚೆನ್ನಾಗಿವೆಯೇ ಎಂಬುದು ರುಚಿಯ ಮಾತು. ಹೆಸರಿನ ಮಾತು ರುಚಿಗೆ ಸಂಬಂಧಿಸಿದ್ದಲ್ಲ. ಅದು ಸತ್ಯಕ್ಕೆ ಸಂಬಂಧಿಸಿದ್ದು.

ಮತ್ತೆ ಟಿವಿಯ ಕಡೆ ಬರೋಣ. ಬ್ರಿಟನ್ನಿನ ‘ಡಾಕ್ಟರ್ ಹೂ’ 1963ರಿಂದ ನಡೆದು 1989ರಲ್ಲಿ ನಿಂತಿತು. 1991ರಿಂದ ವರ್ಜಿನ್ ಪ್ರಕಾಶನ ಅದರ ಮುಂದಿನ ಕಥೆಯನ್ನು ಕಾದಂಬರಿಗಳಾಗಿ ತಂದಿತು. ಬರೆದವರಲ್ಲಿ ಅನೇಕರು ಆ ಧಾರಾವಾಹಿಯನ್ನು ನೋಡುತ್ತಲೇ ಬೆಳೆದವರು. ನಡುವೆ ಬಂದ ಒಂದು ಟಿವಿ ಚಿತ್ರವನ್ನು ಬಿಟ್ಟರೆ ಹದಿನಾರು ವರ್ಷ ಕಥೆಯನ್ನು ಜೀವಂತವಾಗಿಟ್ಟದ್ದರಲ್ಲಿ ಪುಸ್ತಕಗಳ ಪಾಲು ದೊಡ್ಡದು. 2005ರಲ್ಲಿ ಧಾರಾವಾಹಿ ಮರಳಿ ಬಂದಾಗ ಅದನ್ನು ನಡೆಸಿದ ರಸೆಲ್ ಟಿ. ಡೇವಿಸ್ 1996ರಲ್ಲಿ ಅದೇ ಕಾದಂಬರಿ ಮಾಲಿಕೆಗೆ ಬರೆದಿದ್ದವರು. ಪಾಲ್ ಕಾರ್ನೆಲ್ 1995ರಲ್ಲಿ ಬರೆದ ಒಂದು ಕಾದಂಬರಿ 2007ರಲ್ಲಿ ಅವರ ಕೈಯಿಂದಲೇ ಧಾರಾವಾಹಿಯ ಕಂತುಗಳಾಯಿತು. ಅಮಾನತ್ ಇಟ್ಟುಕೊಂಡವರು ಅದನ್ನು ಮರಳಿ ಒಪ್ಪಿಸಿದರು, ಸ್ವಲ್ಪ ಬೆಳೆಸಿಯೇ ಒಪ್ಪಿಸಿದರು.

ಫೈರ್‌ಫ್ಲೈ ಕಾದಂಬರಿಗಳಿಗೆ ಅಂಥ ಭಾಗ್ಯ ಇರಲಿಲ್ಲ. 2005ರ ಚಿತ್ರದಲ್ಲಿ ನೌಕೆಯ ಇಬ್ಬರು ಸಾಯುತ್ತಾರೆ. ಮೊದಲ ಕಾದಂಬರಿಯ ಕಥೆ ನಡೆಯುವುದು ಧಾರಾವಾಹಿಗೂ ಚಿತ್ರಕ್ಕೂ ನಡುವಿನ ಅವಧಿಯಲ್ಲಿ. ಅಲ್ಲಿ ಆ ಇಬ್ಬರೂ ಊಟದ ಮೇಜಿಗೆ ಬಂದು ಕೂಡುತ್ತಾರೆ, ತಮಾಷೆ ಮಾಡುತ್ತಾರೆ. ಓದುಗನಿಗೆ ಅವರ ಕೊನೆ ಗೊತ್ತು. ಬರೆಯುವವರಿಗೂ ಗೊತ್ತು. ಆದರೂ ಮೊದಲ ಕಾದಂಬರಿ ಆ ಸಾವನ್ನು ಅಳಿಸಲು ಹೋಗದೆ, ಸಾವಿನ ಮುಂಚೆ ಉಳಿದಿದ್ದ ಜಾಗದಲ್ಲಿ ಬದುಕನ್ನು ತುಂಬಿತು. ಇದರಲ್ಲಿ ವ್ಯಾಪಾರ ಇಲ್ಲವೆಂದು ನಾವು ಹೇಳುವುದಿಲ್ಲ. ಪುಸ್ತಕ ಮಾರಾಟಕ್ಕೇ ಬರುವುದು. ವ್ಯಾಪಾರ ಪಾಪವಲ್ಲ, ತೂಕದಲ್ಲಿ ಮೋಸ ಪಾಪ.

ಇಲ್ಲಿ ನಾವು ಎದುರಿಸಬೇಕಾದ ಆಕ್ಷೇಪವೊಂದಿದೆ. ಮುಗಿಯದ್ದನ್ನು ಮುಗಿಯದಂತೆಯೇ ಬಿಡುವ ಸಬರ್ ನಮಗೆ ಏಕಿಲ್ಲ? ಸಾವು ಬಂದಾಗ ಒಪ್ಪಿಕೊಳ್ಳಿರೆಂದು ಕಲಿತವರು ನಾವು. ಕಥೆಯ ಸಾವನ್ನು ಒಪ್ಪದೆ ಅದನ್ನು ಎಳೆದಾಡುವುದು ಒಂದು ಬಗೆಯ ಮೋಹವಲ್ಲವೇ? ಈ ಮಾತಿನಲ್ಲಿ ತೂಕವಿದೆ. ಹಿಡಿದ ಪಾತ್ರವನ್ನು ಬಿಡಲಾರದೆ, ಹಣ ಬರುವವರೆಗೂ ಅದನ್ನು ಹಿಂಡುವ ಮುಂದುವರಿಕೆಗಳು ಎಷ್ಟೋ ಇವೆ. ಆದರೆ ಸಬರ್ ಎಂದರೆ ಕೈಕಟ್ಟಿ ಕೂಡುವುದಲ್ಲ. ತೀರಿಕೊಂಡವರ ಮಾತನ್ನು ನಡೆಸಿಕೊಡುವುದು, ಅವರು ಉಳಿಸಿಹೋದ ಸಾಲವನ್ನು ತೀರಿಸುವುದು ನಮ್ಮಲ್ಲಿ ಕರ್ತವ್ಯವೆನಿಸಿಕೊಂಡಿದೆ. ‘ಉಳಿದದ್ದು ನಾಳೆ’ ಎಂದವರು ಕೇಳುಗನಿಗೆ ಒಂದು ಮಾತು ಕೊಟ್ಟಿದ್ದರು. ಆ ಮಾತನ್ನು ನಡೆಸಿಕೊಡುವವನು ಸಾವನ್ನು ಅಲ್ಲಗಳೆಯುತ್ತಿಲ್ಲ. ಸತ್ತವರ ಸಾಲ ತೀರಿಸುತ್ತಿದ್ದಾನೆ.

ಸಾಲ ತೀರಿಸುವುದಕ್ಕೂ ಒಂದು ರೀತಿಯಿದೆ. ಮುಂದುವರಿಸುವವನು ತನ್ನ ಹೆಸರಿನಲ್ಲಿ ಬರೆಯಬೇಕು, ಸತ್ತವರ ಅಥವಾ ಅಸಹಾಯಕರ ಹೆಸರಿನ ಮರೆಯಲ್ಲಿ ಅಲ್ಲ. ಮೊದಲಿನವರು ಕಟ್ಟಿದ್ದನ್ನು ಕೆಡವಬಾರದು, ತನ್ನ ದೊಡ್ಡಸ್ತಿಕೆಗೆ ಅವರನ್ನು ಸಣ್ಣವರನ್ನಾಗಿಸಬಾರದು. ಇಲ್ಲಿಗೆ ಸಾಕು ಎನ್ನುವ ಓದುಗನಿಗೆ ಹಿಂದಿನ ಬಾಗಿಲನ್ನು ತೆರೆದೇ ಇಡಬೇಕು. ನಮ್ಮ ಕಡೆಯ ಹೆಂಗಸರು ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಾರೆ. ಹೊಲಿಗೆ ಎದ್ದು ಕಾಣುತ್ತದೆ. ಅಜ್ಜಿಯ ಸೀರೆ ಯಾವುದು, ಸೊಸೆಯ ಸೀರೆ ಯಾವುದು ಎಂದು ಮನೆಯ ಮಗುವೂ ತೋರಿಸಬಲ್ಲದು. ಹೊಲಿಗೆ ಕಾಣುವುದರಿಂದ ಕೌದಿಯ ಬೆಚ್ಚಗೇನೂ ಕಡಿಮೆಯಾಗುವುದಿಲ್ಲ.

ತಮ್ಮನ ಪ್ರಶ್ನೆಗೆ ಆಪಾ ಅಂದು ಸ್ವಲ್ಪ ಯೋಚಿಸಿ ಉತ್ತರ ಕೊಟ್ಟಳು: ‘ಅಮರ್ ಕೋಟೆಯೊಳಗೆ ಬೀಳುವವರೆಗೆ ದಾದಿಯದು. ಅಲ್ಲಿಂದ ಮುಂದೆ ನನ್ನದು. ಹಮ್ಜಾ ಮಾತ್ರ ನಮ್ಮಿಬ್ಬರದೂ ಅಲ್ಲ.’ ತಮ್ಮನಿಗೆ ಅಷ್ಟು ಸಾಕಾಯಿತು. ಅವನು ಮೊರದ ಪಕ್ಕಕ್ಕೆ ಸರಿದು ಕೂತ, ಕಥೆ ಮುಂದುವರಿಯಿತು. ಈಗ ಅವನಿಗೂ ಮಕ್ಕಳಿದ್ದಾರೆ. ಆ ಕಥೆಯನ್ನು ಹೇಳುವಾಗ ಕೋಟೆಯ ಬಾಗಿಲಿಗೆ ಬಂದ ಕೂಡಲೇ ಅವನು ನಿಲ್ಲಿಸುತ್ತಾನೆ. ‘ಇಲ್ಲಿಯವರೆಗೆ ನಮ್ಮ ದಾದಿ ಹೇಳಿದ್ದು, ಇನ್ನು ನಿಮ್ಮ ಫೂಫಿ ಹೇಳಿದ್ದು’ ಎನ್ನುತ್ತಾನೆ. ಆಮೇಲೆ ಮುಂದೆ ಹೋಗುತ್ತಾನೆ.