ಬಟ್ಟೆಯ ಹಂದಿ ಮತ್ತು ಗಗ್ಗರ

ಮಕ್ಕಳ ಆಟಿಕೆಗೂ ಧರ್ಮಾಧರ್ಮದ ವಿಚಾರಕ್ಕೂ ಏನು ಸಂಬಂಧವೆಂದು ಓದುಗರು ನಗಬಹುದು. ಬಟ್ಟೆಯ ಆನೆಯಾಗಲಿ ಕರಡಿಯಾಗಲಿ ಯಾರ ಮನಸ್ಸನ್ನೂ ನೋಯಿಸುವುದಿಲ್ಲ, ನಿಜ. ಆದರೆ ತುಳುನಾಡಿನಲ್ಲಿ ಬಟ್ಟೆಯ ಹಂದಿ ಅಷ್ಟು ಸುಲಭವಾಗಿ ಮಡಿಲಿಗೆ ಬಂದು ಕೂರುವ ಪ್ರಾಣಿಯಲ್ಲ.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಊರು ಹೆಜಮಾಡಿ, ಪಶ್ಚಿಮಕ್ಕೆ ಕಡಲು, ದಕ್ಷಿಣಕ್ಕೆ ಶಾಂಭವಿ ಹೊಳೆ. ಮನೆಯ ಮಗುವಿಗೆ ‘ಕಾಂತಾರ’ ಚಿತ್ರವೆಂದರೆ ಪ್ರಾಣ. ರಿಷಬ್ ಶೆಟ್ಟಿಯವರು ನಿರ್ದೇಶಿಸಿ ನಟಿಸಿದ ಈ ಚಿತ್ರ ತೆರೆ ಕಂಡದ್ದು 2022ರ ಸೆಪ್ಟೆಂಬರ್ 30ರಂದು. ಮಗುವಿಗೆ ಅದರ ಹೊಡೆದಾಟ ಬೇಡ. ತೆರೆಯ ಮೇಲೆ ಕಂಡ ಆ ಹಂದಿ ಬೇಕು, ಅದೂ ರಾತ್ರಿ ಪಕ್ಕದಲ್ಲಿ ಮಲಗಿಸಿಕೊಳ್ಳುವುದಕ್ಕೆ. ತಾಯಿ ಹಳೆಯ ಕಪ್ಪು ಲಂಗವನ್ನು ಕತ್ತರಿಸಿ, ಅಂಚು ಹೊಲಿದು, ಒಳಮಗ್ಗಲನ್ನು ಹೊರಗೆ ತಿರುವಿ, ಹತ್ತಿ ತುಂಬಲು ಕುಳಿತಿದ್ದಾಳೆ. ಕಣ್ಣಿಗೆ ಎರಡು ಗುಂಡಿಗಳೂ ಸಿದ್ಧವಾಗಿವೆ. ಆಗ ಅಜ್ಜಿ ಹೇಳುತ್ತಾಳೆ: “ದೈವದ ಹತ್ತಿರ ಆಟ ಬೇಡ ಮಗಾ.”

ಈ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ, ಅರ್ಥಮಾಡಿಕೊಳ್ಳುವುದು ಕಷ್ಟ. ತುಳುವಿನಲ್ಲಿ ಪಂಜಿ ಎಂದರೆ ಹಂದಿ. ಪಂಜುರ್ಲಿ ಹಂದಿಯ ರೂಪದ ದೈವ. ಮನೆಯನ್ನೂ ಬೆಳೆಯನ್ನೂ ಕಾಯುವವನು. ಮನೆತನದ ಕಾವಲುಗಾರನೇ ನಾಳೆ ಮಂಚದ ಕೆಳಗೆ ಬಿದ್ದಿದ್ದರೆ, ನಾಡಿದ್ದು ಕಿವಿ ಹರಿದು ಕಸದ ಬುಟ್ಟಿ ಸೇರಿದರೆ? ಅಜ್ಜಿಯ ಅಂಜಿಕೆ ಇದು.

ತಾಯಿಯ ಪಕ್ಷಕ್ಕೂ ಬಲವಾದ ಸಾಕ್ಷಿಯಿದೆ, ಮತ್ತು ಅದು ಪಾಡ್ದನದಲ್ಲೇ ಇದೆ. ಪಾಡ್ದನ ಹೇಳುವ ಒಂದು ಬಗೆ ಹೀಗೆ: ತಾಯಿಯಿಂದ ಅಗಲಿದ ಹಂದಿಮರಿಯೊಂದನ್ನು ಪಾರ್ವತಿ ಎತ್ತಿಕೊಂಡು ಮುದ್ದಿನಿಂದ ಸಾಕಿದಳು. ಮರಿ ಬೆಳೆಯಿತು, ಕೋರೆಹಲ್ಲು ಮೂಡಿತು, ಶಿವನ ತೋಟ ಹಾಳಾಯಿತು. ಕೊಲ್ಲಹೊರಟ ಶಿವನನ್ನು ಪಾರ್ವತಿ ಬೇಡಿಕೊಂಡಳು. ಜನರನ್ನು ಕಾಯುವ ಹೊಣೆ ಹೊರಿಸಿ ಶಿವನು ಅದನ್ನು ಭೂಮಿಗೆ ಕಳುಹಿಸಿದನು. ಅಂದಮೇಲೆ ದೈವವಾಗುವ ಮೊದಲು ಪಂಜುರ್ಲಿ ಒಬ್ಬ ತಾಯಿಯ ಮಡಿಲಲ್ಲಿ ಮಲಗಿದ ಮರಿಯೇ ಅಲ್ಲವೆ?

ಹಾಗಾದರೆ ಪಾವಿತ್ರ್ಯವಿರುವುದು ಎಲ್ಲಿ? ಆಕಾರದಲ್ಲಿ ಇರಲಾರದು. ಬಾರಕೂರಿನ ಸಮೀಪದ ಮೆಕ್ಕೆಕಟ್ಟಿನಲ್ಲಿ ಮರದ ದೊಡ್ಡ ದೈವಮೂರ್ತಿಗಳಿಗೆ ಜನ ಕೈಮುಗಿಯುತ್ತಾರೆ. ಅಲ್ಲಿಂದಲೇ ಹೋದ ಹಳೆಯ ಮೂರ್ತಿಗಳನ್ನು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ಜನ ಕಲಾಕೃತಿಗಳೆಂದು ನೋಡಿ ಮೆಚ್ಚುತ್ತಾರೆ. ಮೂರ್ತಿ ಬದಲಾಗಲಿಲ್ಲ; ಅದರೊಡನೆ ಜನರಿಗಿದ್ದ ಸಂಬಂಧ ಬದಲಾಯಿತು. ವೇಷ ಹಾಕಿದ ಮಾತ್ರಕ್ಕೆ ಅಪಚಾರವೆನ್ನಲೂ ಬಾರದು. ಉಡುಪಿಯ ಅಷ್ಟಮಿಯಲ್ಲಿ ಮಕ್ಕಳು ಕೃಷ್ಣನಾಗುತ್ತಾರೆ, ಯಾರೂ ಬೇಡವೆನ್ನುವುದಿಲ್ಲ.

ಆದರೆ ಕೋಲದ ಮಾತೇ ಬೇರೆ. ಪಂಬದ, ಪರವ, ನಲಿಕೆ ಸಮುದಾಯಗಳವರು ತಲೆತಲಾಂತರದಿಂದ ಹೊತ್ತು ಬಂದ ಹೊಣೆ ಅದು. ವ್ರತನಿಯಮಗಳನ್ನು ಪಾಲಿಸಿ ಕಾಲಿಗೆ ಗಗ್ಗರ ಕಟ್ಟಿ ನಿಂತವನ ಬಾಯಲ್ಲಿ ದೈವದ ನುಡಿ ಬರುತ್ತದೆ. ಊರಿನ ವ್ಯಾಜ್ಯಗಳು ಅದರ ಮುಂದೆ ಬರುತ್ತವೆ. ಮುದ್ದುಕೃಷ್ಣ ಯಾರಿಗೂ ತೀರ್ಪು ಕೊಡುವುದಿಲ್ಲ, ದೈವ ಕೊಡುತ್ತದೆ. ಚಿತ್ರದ ಪೂರ್ವಕಥೆ ‘ಕಾಂತಾರ: ಅಧ್ಯಾಯ 1’ 2025ರ ಅಕ್ಟೋಬರ್ 2ರಂದು ಬಿಡುಗಡೆಯಾದಾಗ ಕೆಲವರು ದೈವದ ವೇಷದಲ್ಲಿ ಚಿತ್ರಮಂದಿರಗಳಿಗೇ ಬಂದರು. ಹಾಗೆ ಅನುಕರಿಸಬೇಡಿರೆಂದು ಹೊಂಬಾಳೆ ಸಂಸ್ಥೆ ವಿನಂತಿಸಬೇಕಾಯಿತು. ಅಲ್ಲಿ ತಪ್ಪಾದದ್ದು ಪ್ರೀತಿ ಹೆಚ್ಚಾದುದರಿಂದಲ್ಲ. ಹೊಣೆಯನ್ನು ಹೊರದೆ ಅದರ ಅಧಿಕಾರವನ್ನಷ್ಟೇ ಮೈಮೇಲೆ ಹೊದ್ದುಕೊಂಡದ್ದರಿಂದ.

ಬಟ್ಟೆಯ ಹಂದಿ ಅಂಥ ಯಾವ ಅಧಿಕಾರವನ್ನೂ ಕೇಳುವುದಿಲ್ಲ. ಅದು ನುಡಿ ಕೊಡುವುದಿಲ್ಲ, ಕಾಣಿಕೆ ಬೇಡುವುದಿಲ್ಲ. ಆದಕಾರಣ ನನ್ನ ತೀರ್ಮಾನ ಇಷ್ಟು: ಹಂದಿಯನ್ನು ಹೊಲಿಯಬಹುದು, ಗಗ್ಗರವನ್ನು ಹೊಲಿಯಬಾರದು. ದೈವದ ಮುಖವಾಡ, ಅಣಿ, ಗಗ್ಗರ ಇವು ಪ್ರಾಣಿಯ ಅಂಗಗಳಲ್ಲ. ಒಂದು ಸಮುದಾಯದ ಬದುಕಿನ ಅಂಗಗಳು. ಅಂಗಡಿಯಿಂದ ತಂದ ಬೊಂಬೆಯಲ್ಲಿ ಈ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಬೇರೆ ಯಾರೋ ನಿಶ್ಚಯಿಸಿರುತ್ತಾರೆ. ಮನೆಯಲ್ಲಿ ಹೊಲಿಯುವವಳು ಮಾತ್ರ ಒಂದೊಂದು ಹೊಲಿಗೆಗೂ ತಾನೇ ನಿಶ್ಚಯಿಸಬೇಕು. ಕೈಗೆಲಸದ ದೊಡ್ಡ ಗುಣ ಇದೇ.

ಇನ್ನೊಂದು ಮಾತು. 1902ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಬೇಟೆಗೆ ಹೋದಾಗ, ಕಟ್ಟಿಹಾಕಿದ ಕರಡಿಯೊಂದಕ್ಕೆ ತಾನು ಗುಂಡು ಹೊಡೆಯಲೊಲ್ಲೆನೆಂದರು. ಆ ಸುದ್ದಿಯಿಂದ ‘ಟೆಡ್ಡಿ’ ಎಂಬ ಬೊಂಬೆಗೆ ಹೆಸರು ಬಂತು. ಕ್ರಮೇಣ ಬೊಂಬೆಯ ಉಗುರು ಹೋಯಿತು, ಹಲ್ಲು ಹೋಯಿತು. ಕಾಡಿನ ಕರಡಿ ಹೇಗಿರುತ್ತದೆಂಬುದು ಮಕ್ಕಳಿಗೆ ಮರೆತೇಹೋಯಿತು. ಮುದ್ದು ಮಾಡುವುದರಲ್ಲಿ ಈ ಅಪಾಯವೂ ಇದೆ. ಪಾರ್ವತಿ ಎತ್ತಿಕೊಂಡ ಮರಿಯನ್ನು ನಮ್ಮ ಮಕ್ಕಳೂ ಎತ್ತಿಕೊಳ್ಳಲಿ. ಆದರೆ ಬಿಳಿಯ ಬಟ್ಟೆಯ ಎರಡು ಕೋರೆಹಲ್ಲುಗಳನ್ನು ಹೊಲಿಯುವುದಕ್ಕೆ ಮರೆಯಬಾರದು. ಪ್ರೀತಿಸಿದ್ದೆಲ್ಲ ನಮ್ಮ ಸ್ವತ್ತಲ್ಲವೆಂದು ಮಕ್ಕಳಿಗೆ ಕಲಿಸುವುದಕ್ಕೆ ಅಷ್ಟು ಬಿಳಿ ಸಾಕು.