ಇಂದಿನ ಚಿಂತನೆ: ಡಿಗ್ರಿ ಇಲ್ಲದವನ ವಿದ್ಯೆ



ನಮ್ಮ ಮನೆಗಳಲ್ಲಿ ಬುದ್ಧ, ಬಾಬಾಸಾಹೇಬರ ಫೋಟೋಗಳ ಪಕ್ಕದಲ್ಲೇ ಮಕ್ಕಳ ಘಟಿಕೋತ್ಸವದ ಫೋಟೋ ಇರುತ್ತದೆ. ನೋಡಿದವರು ಜಂಬ ಅಂದುಕೊಂಡಾರು. ನಮ್ಮ ಮಾತನ್ನು ಯಾರೂ ನಂಬದ ಕಾಲದಲ್ಲಿ ನಮ್ಮ ಪರವಾಗಿ ಸಾಕ್ಷಿ ಹೇಳಿದ್ದು ಆ ಕಾಗದವೇ. ಹಾಗಾಗಿ ಬಳಗದ ಅಕ್ಕನೊಬ್ಬರು ಕೇಳಿದ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಅವರ ಮಗ ಪಿಯುಸಿ ಮುಗಿಸಿ ಮೊಬೈಲ್ ರಿಪೇರಿ ಅಂಗಡಿ ಸೇರಿದವನು. ಈಗ ರಾತ್ರಿ ಕೂತು ಜಾವಾಸ್ಕ್ರಿಪ್ಟ್ ಕಲಿಯುತ್ತಾನೆ, ಡಿಗ್ರಿ ಇಲ್ಲದೆಯೇ ಸಾಫ್ಟ್‌ವೇರ್ ಕೆಲಸ ಹಿಡಿಯುತ್ತೇನೆ ಅನ್ನುತ್ತಾನೆ. "ಮೇಷ್ಟ್ರೇ, ಇದು ಬಾಬಾಸಾಹೇಬರ ದಾರಿ ಬಿಟ್ಟ ಹಾಗೆ ಆಗಲ್ವಾ?"

ಆಗುವುದಿಲ್ಲ ಅನ್ನುತ್ತೇನೆ. ಶಾಕ್ಯರ ಕ್ಷೌರಿಕರಾಗಿದ್ದ ಉಪಾಲಿಯವರನ್ನು ನೆನೆಯಿರಿ. ರಾಜಕುಮಾರರಿಗಿಂತ ಮೊದಲು ಅವರಿಗೆ ದೀಕ್ಷೆಯಾಯಿತು. ರಾಜಗೃಹದ ಮೊದಲ ಸಂಗೀತಿಯಲ್ಲಿ ಮಹಾಕಾಶ್ಯಪರು ವಿನಯದ ಒಂದೊಂದು ನಿಯಮವನ್ನೂ ಕೇಳಿದ್ದು ಅವರನ್ನೇ. ಪ್ರಶ್ನೆ ಕೇಳಿದರು, ಉತ್ತರ ಬಂತು, ಸಂಘ ಒಪ್ಪಿತು. ಪ್ರೋಗ್ರಾಂ ಕೂಡ ಹಾಗೆಯೇ. ಸರಿಯಿದ್ದರೆ ಓಡುತ್ತದೆ, ತಪ್ಪಿದ್ದರೆ ಮುಖಕ್ಕೇ ಹೇಳುತ್ತದೆ. (ಉತ್ತರಪತ್ರಿಕೆ ತಿದ್ದುವ ನಮ್ಮಂಥವರಲ್ಲಿ ಅಷ್ಟು ನಿಷ್ಠುರತೆ ಅಪರೂಪ!)

ಆದರೆ ಕೆಲಸ ಕೊಡುವವರು ಮನುಷ್ಯರು. "ಡಿಗ್ರಿ ಯಾಕೆ, ಸ್ಕಿಲ್ ಸಾಕು" ಅನ್ನುವ ಮಾತಿಗೆ ಎಲ್ಲರ ಮನೆಯಲ್ಲೂ ಒಂದೇ ತೂಕವಿಲ್ಲ. ಕಂಪನಿಯೊಳಗೆ ಸೋದರಮಾವನೋ ಅಣ್ಣನ ಗೆಳೆಯನೋ ಇದ್ದವನಿಗೆ ರೆಫರಲ್ ಸಿಗುತ್ತದೆ. ನಮ್ಮ ಹುಡುಗನಿಗೆ ಯಾರಿದ್ದಾರೆ? ಡಿಗ್ರಿ ಕಾಲಂ ಖಾಲಿ ಬಿಟ್ಟ ಅರ್ಜಿ ಎಷ್ಟೋ ಕಡೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಮೆರಿಕದ ಎಚ್-1ಬಿ ವೀಸಾಕ್ಕೆ ಕಾಲೇಜಿನ ಒಂದು ವರ್ಷದ ಬದಲು ಮೂರು ವರ್ಷದ ತಕ್ಕ ಅನುಭವ ತೋರಿಸಬೇಕು. ಅಂದರೆ ನಾಲ್ಕು ವರ್ಷದ ಪದವಿಗೆ 12 ವರ್ಷ. ಕಾಗದಕ್ಕೆ ಇನ್ನೂ ಅಷ್ಟು ಬೆಲೆಯಿದೆ.

ಬಾಬಾಸಾಹೇಬರು 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ, ದುಡಿಯುವವರೂ ಓದಲೆಂದು ಬೆಳಗಿನ ತರಗತಿಗಳನ್ನು ಇಟ್ಟರು. ಕೆಲಸವೋ ಓದೋ ಒಂದನ್ನು ಆರಿಸಿಕೊಳ್ಳಿ ಅನ್ನಲಿಲ್ಲ. ಹುಡುಗ ಈಗಲೇ ಕೋಡ್ ಬರೆಯಲಿ, ಗಿಟ್‌ಹಬ್‌ನಲ್ಲಿ ಹಾಕಲಿ, ಸಿಕ್ಕ ಕೆಲಸ ಹಿಡಿಯಲಿ. ಜೊತೆಗೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯಕ್ಕೋ ಇಗ್ನೋಗೋ ಸೇರಲಿ, ನಿಧಾನವಾಗಿ ಮುಗಿದರೂ ಸರಿ.

ಉಪಾಲಿಯವರಿಗೆ ಸಂಘವಿತ್ತು. ಈ ಗ್ರೂಪಿನಲ್ಲಿ ಐಟಿ ಕೆಲಸದಲ್ಲಿರುವವರು ಹಲವರಿದ್ದೀರಿ. ಅವನು ಬರೆದದ್ದನ್ನು ಒಮ್ಮೆ ತೆರೆದು ನೋಡಿ. ಚೆನ್ನಾಗಿದ್ದರೆ ನಿಮ್ಮ ಕಂಪನಿಯಲ್ಲಿ ಅವನ ಹೆಸರು ಹೇಳಿ, ಇಲ್ಲದಿದ್ದರೆ ಎಲ್ಲಿ ತಪ್ಪಿದೆ ಅಂತ ಅವನಿಗೇ ಹೇಳಿ. ಲಿಂಕ್ ಸಂಜೆ ಹಾಕುತ್ತೇನೆ.