ಊರು ಚೆಂದ, ನೀರು ಕೆಟ್ಟದ್ದು

ಸತ್ಯವೇದ ತೆಗೀರಿ, ಎರಡನೇ ಅರಸುಗಳು 2ನೇ ಅಧ್ಯಾಯ, 19ರಿಂದ 22. ಮೊಬೈಲಲ್ಲಿ ಓದೋರು ವಾಟ್ಸಾಪ್ ಮುಚ್ಚಿ, ದಯವಿಟ್ಟು.

ಎಲೀಷ ಈಗಷ್ಟೇ ಯೊರ್ದನ್ ದಾಟಿ ಯೆರಿಕೋವಿಗೆ ಬಂದಿದ್ದಾನೆ. ಊರಿನವರು ಪ್ರವಾದಿಯ ಹತ್ತಿರ ಏನು ಕೇಳಿದ್ರು? ವರ ಕೇಳಲಿಲ್ಲ. ಊರು ಚೆನ್ನಾಗಿದೆ ಅಯ್ಯಾ, ನೀರು ಮಾತ್ರ ಕೆಟ್ಟದ್ದು ಅಂದ್ರು.

ಇದು ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮಾತೇ ಅಲ್ವಾ ಪ್ರಿಯರೇ? ದಾರಿಯುದ್ದ ತೆಂಗಿನ ತೋಟ. ಬೆಂಗಳೂರಿನ ನಿಮ್ಮ ಫ್ರೆಂಡ್ಸ್ ಬಂದ್ರೆ ರೀಲ್ಸ್ ಮಾಡ್ಕೊಂಡು ಹೋಗ್ತಾರೆ. ಆದ್ರೆ ಕೊಳವೆಬಾವಿ ಆಳಕ್ಕಿಳಿದಂಗೆ, ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರಿನ ಜೊತೆ ಫ್ಲೋರೈಡೂ ಮೇಲೆ ಬರ್ತದೆ. ನಮ್ಮದೇ ಜಿಲ್ಲೆಯ ಪಾವಗಡದ ಕಡೆ ನೋಡಿ: ಮಕ್ಕಳ ಹಲ್ಲು ಕಂದು, ದೊಡ್ಡವರ ಸೊಂಟ, ಮಂಡಿ ಬಿಗಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಇದೆ. ಕಣ್ಣಿಗೆ ಕಾಣೋದಲ್ಲ ಅದು. ಕಾಯಿಸಿ ಕುಡೀರಿ ಅಂತೀರಾ? ಕ್ರಿಮಿ ಸಾಯ್ತವೆ, ಫ್ಲೋರೈಡ್ ಹೋಗಲ್ಲ.

ನಾನು ಪ್ರಾರ್ಥನೆಗೆ ಹೋಗೋ ಒಂದು ಹಳ್ಳೀಲಿ ಶುದ್ಧ ನೀರಿನ ಘಟಕ ಇದೆ. ನಾಣ್ಯ ಹಾಕಿದ್ರೆ 20 ಲೀಟರ್. ಕೆಟ್ಟು ತಿಂಗಳುಗಟ್ಟಲೆ ಬೀಗ. ಆಟೋದಲ್ಲಿ ಬರೋ ಕ್ಯಾನಿಗೆ ಕೂಲಿಯವರು ಎಷ್ಟೂಂತ ಕೊಡ್ತಾರೆ? ಒಬ್ಬ ಅಜ್ಜಿ ಮೊಮ್ಮಗನಿಗೆ ಕ್ಯಾನ್ ನೀರು ಕೊಟ್ಟು ತಾನು ಬೋರಿನ ನೀರೇ ಕುಡೀತಿದ್ರು. "ನಂಗಿನ್ನೇನಾಗ್ಬೇಕು ಪಾಸ್ಟ್ರೇ" ಅಂದ್ರು. ಆ ಮಾತಿಗೆ ಆಮೆನ್ ಹೇಳೋಕೆ ನನ್ನಿಂದಾಗಲಿಲ್ಲ.

ಎಲೀಷ ಉಪ್ಪು ಹಾಕಿದ್ದು ಎಲ್ಲಿ? ಮನೆಮನೆಯ ಕೊಡಕ್ಕಲ್ಲ. ಬುಗ್ಗೆಯ ಹತ್ತಿರ ಹೋದ, ನೀರು ಹುಟ್ಟೋ ಜಾಗಕ್ಕೆ! ನಾವು ಯೂತ್ ಟೀಮ್ ಹೋಗಿ ಬಾಟಲಿ ಹಂಚಿ ಫೋಟೋ ತೆಗೀತೀವಲ್ಲ, ಅದು ಕೊಡ. ಬುಗ್ಗೆ ಇರೋದು ಪಂಚಾಯ್ತಿಯಲ್ಲಿ, ಗ್ರಾಮಸಭೆಯಲ್ಲಿ.

ಕೆಲವು ವಿಶ್ವಾಸಿಗಳು ಅರ್ಜಿ ಕೊಡೋದೂ ಗುಣುಗುಟ್ಟೋದು ಅಂದ್ಕೋತಾರೆ. ಯೆರಿಕೋದವರನ್ನ ಪ್ರವಾದಿ ಗದರಿಸಿದ್ನಾ? ಹೊಸ ಪಾತ್ರೆ ತನ್ನಿ ಅಂದ. ಅವರು ಬಾಯಿ ಬಿಟ್ಟ ಮೇಲೇ ಅದ್ಭುತ. ಹಲ್ಲೆಲೂಯಾ!

ಜಲ ಜೀವನ್ ಮಿಷನ್ ಶುರುವಾಗಿದ್ದು 2019ರ ಆಗಸ್ಟ್ 15ಕ್ಕೆ. ದಿನಕ್ಕೆ ತಲಾ 55 ಲೀಟರ್, ಅದೂ ಕುಡಿಯೋಕೆ ಯೋಗ್ಯವಾದದ್ದು. ನಲ್ಲಿ ಬಂತು ಅಂತ ಸುಮ್ಮನಾಗಬೇಡಿ. ಆ ನೀರನ್ನ ಪರೀಕ್ಷೆ ಮಾಡಿದ್ರಾ? ವರದಿ ಎಲ್ಲಿ? ಊರಿನ ಹೆಣ್ಮಕ್ಕಳಿಗೇ ಪರೀಕ್ಷೆ ಕಿಟ್ ಕೊಟ್ಟು ಕಲಿಸೋ ಅವಕಾಶ ಆ ಯೋಜನೆಯಲ್ಲೇ ಇದೆ. ಘಟಕ ಕೆಟ್ರೆ ರಿಪೇರಿ ಯಾರದ್ದು? ಇದನ್ನ ಬರೆದು ಕೇಳಿ, ಸ್ವೀಕೃತಿ ತಗೊಳ್ಳಿ. ನಿಮಗೆ ಫಾರಂ ತುಂಬೋಕೆ ಬರುತ್ತೆ, ದೊಡ್ಡಮ್ಮನಿಗೆ ಬರಲ್ಲ. ಪಕ್ಕದಲ್ಲಿ ನಿಂತ್ಕೊಳ್ಳಿ. ಮಾತು ಮಾತ್ರ ಅವರೇ ಆಡ್ಲಿ, ನೀರು ಕುಡಿಯೋರು ಅವರು.

ಬನ್ನಿ, ಎದ್ದು ನಿಲ್ಲೋಣ. ನಿಮ್ಮ ನಿಮ್ಮ ಹಳ್ಳಿಯ ಹೆಸರು ಗಟ್ಟಿಯಾಗಿ ಹೇಳಿ, ಒಂದೊಂದಕ್ಕೂ ಪ್ರಾರ್ಥಿಸೋಣ.